ಅರಗಿನ ಗ್ರಾಮಾಫೋನ್ ತಟ್ಟೆಗಳು: ಸಂಗ್ರಹವೂ ವಿನಿಯೋಗವೂ

೧

ಕನ್ನಡ ನುಡಿಯ ಚರಿತ್ರೆಯನ್ನು ಬರೆಯುವವರು ಆಧಾರವಾಗಿ ಹಿಡಿಯುವ ಸಾಮಗ್ರಿ ಮುಖ್ಯವಾಗಿ ಮೂರು ಬಗೆಯದು: ಕಲ್ಲಿನ ಮತ್ತು ತಾಮ್ರದ ಶಾಸನಗಳು, ಓಲೆಯ ಮತ್ತು ಕಡತದ ಪ್ರತಿಗಳು, ಅಚ್ಚಾದ ಪುಸ್ತಕಗಳು. ಈ ಮೂರರಲ್ಲಿಯೂ ನುಡಿಯು ಅಕ್ಷರರೂಪದಲ್ಲಿ ಮಾತ್ರ ದೊರೆಯುತ್ತದೆ. ಅದನ್ನು ನುಡಿದವರ ಕಂಠವು ದೊರೆಯುವುದಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಈ ಮೂರಕ್ಕೆ ನಾಲ್ಕನೆಯದೊಂದು ಬಂದು ಸೇರಿತು. ಅದೇ ಅರಗಿನ ಗ್ರಾಮಾಫೋನ್ ತಟ್ಟೆ. ಜನರು ಅದನ್ನು ಪ್ಲೇಟು ಎಂದರು, ರಿಕಾರ್ಡು ಎಂದರು. ವಿನೋದಕ್ಕಾಗಿ ಕೊಂಡರು, ಸವೆಯುವವರೆಗೆ ಕೇಳಿದರು, ಬಳಿಕ ಅಟ್ಟಕ್ಕೆ ಏರಿಸಿದರು. ಅದನ್ನು ವಿದ್ವತ್ತಿನ ಸಾಮಗ್ರಿಯೆಂದು ಎಣಿಸಿದವರು ವಿರಳ. ಅರಗಿನ ತಟ್ಟೆಯೂ ಶಾಸನದಂತೆಯೇ ಒಂದು ಸಾಕ್ಷ್ಯವೆಂಬುದನ್ನೂ, ಶಾಸನಕ್ಕೆ ಸಲ್ಲುವ ಹುಡುಕಾಟ, ಪಡಿಯಚ್ಚು, ಪಾಠನಿರ್ಣಯ, ಪ್ರಕಟಣೆ ಎಂಬ ನಾಲ್ಕು ಸಂಸ್ಕಾರಗಳೂ ಅದಕ್ಕೆ ಸಲ್ಲಬೇಕೆಂಬುದನ್ನೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ನಾಲ್ಕು ಸಂಸ್ಕಾರಗಳ ಬೆಲೆಯನ್ನು ತಿಳಿಯಲು ಹೆಬ್ಬಾಳದ ನಿದರ್ಶನವೊಂದು ಸಾಕು. ಬೆಂಗಳೂರಿನ ಉತ್ತರಕ್ಕಿರುವ ಈ ಊರಿನಲ್ಲಿ ೨೦೧೮ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಆಳಿಕೆಯಲ್ಲಿ, ಸುಮಾರು ಕ್ರಿ. ಶ. ೭೫೦ರಲ್ಲಿ, ರಾಷ್ಟ್ರಕೂಟರ ಕಡೆಯ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕವದು. ಹೆಬ್ಬಾಳವೆಂಬ ಹೆಸರಿನ ಪೂರ್ವರೂಪವನ್ನು ಒಳಗೊಂಡ ಪೆರ್ಬೊಳಲ್ ನಾಡು ಮೂವತ್ತರ ಉಲ್ಲೇಖವು ಅದರಲ್ಲಿ ಇರುವುದರಿಂದ ಊರಿನ ಪ್ರಾಚೀನತೆಯು ಒಮ್ಮೆಗೇ ಸಿದ್ಧಪಟ್ಟಿತು. ಕಲ್ಲನ್ನು ಕಂಡವರು ಅದನ್ನು ಮನೆಗೆ ಹೊತ್ತುಕೊಂಡು ಹೋಗಲಿಲ್ಲ. ಓದಿಸಿದರು, ಅರ್ಥವನ್ನು ಪ್ರಚುರಪಡಿಸಿದರು, ಊರಿನವರ ನೆರವಿನಿಂದ ಅದಕ್ಕೊಂದು ಮಂಟಪವನ್ನು ಕಟ್ಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ನಡೆಸಿಕೊಂಡು ಬಂದ ಕಾರ್ಯದಲ್ಲಿ ಈ ಸೀಮೆಯ ಶಾಸನಗಳಿಗೆ ಮೂರು ಆಯಾಮದ ಯಾಂತ್ರಿಕ ಪ್ರತಿಗಳೂ ಆಗುತ್ತಿವೆ. ಹನ್ನೆರಡೂವರೆ ಶತಮಾನ ಯಾರಿಗೂ ತಿಳಿಯದಿದ್ದ ಬರಹವು ಕೆಲವೇ ವರ್ಷಗಳಲ್ಲಿ ಸರ್ವರ ಸೊತ್ತಾಯಿತು.

ಹೆಬ್ಬಾಳದ ಕಲ್ಲು ಇಷ್ಟು ಕಾಲ ಕಾದಿದ್ದಿತು. ಅರಗಿನ ತಟ್ಟೆಗೆ ಅಷ್ಟು ಕಾಯುವ ಶಕ್ತಿಯಿಲ್ಲ. ಅದರ ಕಾರಣವು ತಟ್ಟೆಯ ದ್ರವ್ಯದಲ್ಲಿಯೇ ಇದೆ.

೨

ಅರಗು ಎಂಬುದು ಒಂದು ಬಗೆಯ ಸಣ್ಣ ಕೀಟವು ಮರದ ರೆಂಬೆಗಳ ಮೇಲೆ ಸ್ರವಿಸುವ ರಾಳ. ಮುತ್ತುಗ, ಎಲಚಿ ಮೊದಲಾದ ಮರಗಳು ಈ ಕೀಟಕ್ಕೆ ಆಶ್ರಯ. ಮೈಸೂರು ಸೀಮೆಯಲ್ಲಿ ಜಲಾರಿ ಮರದ ಮೇಲೆ ಅದು ನೆಲಸುತ್ತದೆ. ಈ ಸೀಮೆಯ ಹೆಸರನ್ನೇ ಹೊತ್ತ ಒಂದು ಪ್ರಭೇದವೂ ಶಾಸ್ತ್ರಜ್ಞರ ಪಟ್ಟಿಯಲ್ಲಿ ಉಂಟು. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಿಡಿಸುವುದು ಈ ಅರಗೇ. ಭಾರತವನ್ನು ಓದಿದವರಿಗೆಲ್ಲ ಅರಗಿನ ಮನೆಯ ಕಥೆ ತಿಳಿದಿದೆ. ಆ ದ್ರವ್ಯಕ್ಕೆ ಬಿಸಿಯೇ ಶತ್ರುವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಗ್ರಾಮಾಫೋನ್ ತಟ್ಟೆಯು ಶುದ್ಧ ಅರಗಿನದಲ್ಲ. ಕಲ್ಲಿನ ಪುಡಿ, ಹತ್ತಿಯ ನವಿರು, ಕಾಡಿಗೆ ಇವುಗಳನ್ನು ಹಿಡಿದು ನಿಲ್ಲಿಸುವ ಅಂಟಾಗಿ ಅರಗು ಅದರಲ್ಲಿ ಸೇರಿದೆ. ಕಲ್ಲಿನ ಪುಡಿಯನ್ನು ಬೆರೆಸಿದ್ದರಿಂದ ತಟ್ಟೆಗೆ ಗಟ್ಟಿತನ ಬಂದಿತು. ಉಕ್ಕಿನ ಮುಳ್ಳು ಅದರ ಮೇಲೆ ಓಡುವಾಗ ತಾನೇ ಸವೆದು ಗೆರೆಯ ಆಕಾರಕ್ಕೆ ಹೊಂದಿಕೊಳ್ಳುತ್ತಿದ್ದಿತು. ಆದುದರಿಂದಲೇ ಒಂದು ಮುಖವನ್ನು ಕೇಳಿದೊಡನೆ ಮುಳ್ಳನ್ನು ಬದಲಾಯಿಸಬೇಕೆಂಬ ನಿಯಮವಿದ್ದಿತು. ಮುಳ್ಳಿನ ಖರ್ಚನ್ನು ಉಳಿಸಲು ಹೋದ ಮನೆಗಳಲ್ಲಿ ಸವೆದ ಮುಳ್ಳು ಗೆರೆಯನ್ನೇ ಉತ್ತುಬಿಟ್ಟಿತು. ತಟ್ಟೆ ಕೈಜಾರಿದರೆ ಹೋಳಾಗುತ್ತದೆ; ಬಿಸಿಲಿಗೆ ಬಾಗುತ್ತದೆ; ಮದ್ಯಸಾರ ತಗುಲಿದರೆ ಕರಗುತ್ತದೆ.

ಧ್ವನಿಯನ್ನು ಹಿಡಿಯುತ್ತಿದ್ದ ಕ್ರಮವನ್ನೂ ತಿಳಿಯುವುದು ಅಗತ್ಯ. ೧೯೨೫ಕ್ಕೆ ಮುಂಚೆ ವಿದ್ಯುತ್ತಿನ ಸಹಾಯವಿರಲಿಲ್ಲ. ಗಾಯಕನು ದೊಡ್ಡ ಕಹಳೆಯೊಂದರ ಬಾಯಿಗೆ ಮುಖಕೊಟ್ಟು ಹಾಡಬೇಕಾಗಿದ್ದಿತು. ಕಹಳೆಯ ತುದಿಯ ತೆಳುಪೊರೆ ಅದುರಿ, ಅದಕ್ಕೆ ತಗುಲಿದ ಉಳಿಯು ತಿರುಗುವ ಮೇಣದ ಬಿಲ್ಲೆಯಲ್ಲಿ ಗೆರೆ ಕೊರೆಯುತ್ತಿದ್ದಿತು. ಆ ಮೇಣದಿಂದ ಲೋಹದ ಅಚ್ಚನ್ನು ತೆಗೆದು, ಅಚ್ಚಿನಿಂದ ಅರಗಿನ ತಟ್ಟೆಗಳನ್ನು ಒತ್ತುತ್ತಿದ್ದರು. ಹತ್ತು ಅಂಗುಲದ ತಟ್ಟೆಯ ಒಂದು ಮುಖಕ್ಕೆ ಸುಮಾರು ಮೂರು ನಿಮಿಷ ಮಾತ್ರ ಅವಕಾಶ. ರಾಗವನ್ನು ಗಂಟೆಗಟ್ಟಲೆ ಹರಡಬಲ್ಲ ವಿದ್ವಾಂಸನೂ ಈ ಮೂರು ನಿಮಿಷಕ್ಕೆ ತನ್ನ ವಿದ್ಯೆಯನ್ನು ಅಡಕಮಾಡಬೇಕಾಯಿತು. ಆದುದರಿಂದ ತಟ್ಟೆಯಲ್ಲಿ ಒಂದು ಚರಣವು ಕಾಣದಿದ್ದರೆ, ಹಾಡಿದವರಿಗೆ ಅದು ತಿಳಿದಿರಲಿಲ್ಲವೆಂದು ತೀರ್ಮಾನಿಸುವುದು ಅವಸರದ ಮಾತಾದೀತು.

೩

ಭಾರತದಲ್ಲಿ ಈ ಉದ್ಯಮದ ಆರಂಭವು ೧೯೦೨ರ ನವೆಂಬರಿನಲ್ಲಿ. ಲಂಡನ್ನಿನ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು ಆಗ ಕಲ್ಕತ್ತೆಗೆ ಬಂದು ಮೊದಲ ಮುದ್ರಣಗಳನ್ನು ನಡೆಸಿದನು. ಮೊದಲಿಗೆ ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಭಾರತದ ಕಾಡುಗಳ ಅರಗು ಹಡಗೇರಿ ಹೋಗಿ, ಭಾರತದ ಹಾಡಾಗಿ ಹಿಂದಿರುಗುತ್ತಿದ್ದಿತು. ೧೯೦೮ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆಯಾಯಿತು. ೧೯೨೮ರಲ್ಲಿ ಡಮ್‌ಡಮ್ಮಿನಲ್ಲಿ ದೊಡ್ಡ ಕಾರ್ಖಾನೆ ಬಂದಿತು. ದಕ್ಷಿಣದಲ್ಲಿ ಮದರಾಸು ಈ ವ್ಯಾಪಾರದ ಕೇಂದ್ರವಾಯಿತು. ಜರ್ಮನಿಯ ಓಡಿಯನ್ ಕಂಪನಿಯ ತಟ್ಟೆಗಳು ಅಲ್ಲಿಯ ಸರಸ್ವತಿ ಸ್ಟೋರ್ಸ್ ಮೂಲಕ ಹರಡಿದವು. ಪಾಶ್ಚಾತ್ಯ ದೇಶಗಳು ೧೯೬೦ರ ಸುಮಾರಿಗೆ ಅರಗನ್ನು ಕೈಬಿಟ್ಟರೂ ಭಾರತದಲ್ಲಿ ಅದು ಮತ್ತೂ ಕೆಲವು ವರ್ಷ ನಡೆಯಿತು.

ಗೈಸ್‌ಬರ್ಗನ ಮುದ್ರಣಗಳಲ್ಲಿ ಅತ್ಯಂತ ಪ್ರಸಿದ್ಧಳಾದ ಗಾಯಕಿ ಗೌಹರ್ ಜಾನ್. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ದೂರದ ಕಾರ್ಖಾನೆಯವರು ತಟ್ಟೆಯನ್ನು ಗುರುತಿಸಿ ಸರಿಯಾದ ಚೀಟಿಯನ್ನು ಅಂಟಿಸಲು ಇದು ಸಹಾಯಕವಾಗಿದ್ದಿತು. ಇಂದಿನ ಸಂಶೋಧಕನಿಗೆ ಅದು ಕಾವ್ಯಾಂತ್ಯದ ಗದ್ಯದಂತೆ ಕರ್ತೃವಿನ ಅಂಕಿತ. ಈ ಗಾಯಕಿಯ ಕಡೆಯ ದಿನಗಳು ಕನ್ನಡನಾಡಿನಲ್ಲಿ ಕಳೆದವು. ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಸೇರಿದ ಆಕೆ ೧೯೩೦ರ ಜನವರಿ ೧೭ರಂದು ಮೈಸೂರಿನಲ್ಲಿಯೇ ತೀರಿಕೊಂಡಳು.

ಕನ್ನಡಿಗರ ಕಂಠಗಳು ತಟ್ಟೆಗೆ ಏರಿದ ಬಗೆಯನ್ನು ಕೆಲವು ನಿದರ್ಶನಗಳಿಂದ ತಿಳಿಯಬಹುದು. ರತ್ನಾವಳಿ ನಾಟಕ ಮಂಡಲಿಯ ಎ. ವಿ. ವರದಾಚಾರ್ಯರು ೧೯೨೬ರಲ್ಲಿ ತೀರಿಕೊಂಡರು. ಕನ್ನಡದ ಮಾತಿನ ಚಿತ್ರ ಹುಟ್ಟಿದುದು ೧೯೩೪ರಲ್ಲಿ. ಅವರ ರಂಗಗಾಯನದ ಸಾಕ್ಷ್ಯವನ್ನು ಅಂದಿನ ತಟ್ಟೆಗಳಲ್ಲಿ ಹುಡುಕಬೇಕೇ ಹೊರತು ಬೇರೆಡೆಯಲ್ಲಿ ಹುಡುಕಲಾಗದು. ಮೊದಲ ಮಾತಿನ ಚಿತ್ರವಾದ ‘ಸತಿ ಸುಲೋಚನಾ’ದ ಪ್ರತಿಯೇ ಉಳಿದಿಲ್ಲವೆಂಬುದನ್ನು ನೆನೆದರೆ, ಒಂದು ಕಾಲದ ಕಲೆಯು ಎಷ್ಟು ಬೇಗ ಸುಳಿವಿಲ್ಲದಂತಾಗಬಲ್ಲುದೆಂಬುದು ಮನಸ್ಸಿಗೆ ಬಾರದಿರದು.

ಗಂಗೂಬಾಯಿ ಹಾನಗಲ್ಲರ (೧೯೧೩–೨೦೦೯) ಪ್ರಸಂಗ ಇನ್ನೂ ಬೋಧಪ್ರದವಾದುದು. ಅವರ ಗಂಭೀರವಾದ, ಪುರುಷಕಂಠಕ್ಕೆ ಸಮೀಪವಾದ ಧ್ವನಿಯನ್ನು ಕೇಳದವರಿಲ್ಲ. ಆದರೆ ೧೯೩೦ರ ದಶಕದ ಅವರ ತಟ್ಟೆಗಳಲ್ಲಿ ಕೇಳಿಬರುವುದು ತೆಳುವಾದ, ಎತ್ತರದ ಶ್ರುತಿಯ ಕಂಠ. ಗಂಟಲಿನ ಶಸ್ತ್ರಚಿಕಿತ್ಸೆಯ ಅನಂತರ ಅವರ ಧ್ವನಿ ಬದಲಾಯಿತು. ಆ ತಟ್ಟೆಗಳು ಇಲ್ಲವಾಗಿದ್ದರೆ, ಅವರ ಮೊದಲ ಕಂಠವು ಹೇಗಿದ್ದಿತೆಂಬುದು ಬರಿಯ ಐತಿಹ್ಯವಾಗುತ್ತಿದ್ದಿತು. ಅಲ್ಲದೆ ಆ ಮೊದಲ ತಟ್ಟೆಗಳ ಚೀಟಿಯ ಮೇಲಿರುವ ಹೆಸರು ಗಾಂಧಾರಿ. ಧ್ವನಿಯೂ ಬೇರೆ, ಹೆಸರೂ ಬೇರೆ. ವಿವರವರಿಯದವನ ಪಟ್ಟಿಯಲ್ಲಿ ಒಬ್ಬ ಗಾಯಕಿ ಇಬ್ಬರಾಗುವುದು ಸಹಜ. ಹಸ್ತಪ್ರತಿಗಳಲ್ಲಿ ಒಬ್ಬ ಕವಿಯನ್ನು ಬಿರುದಿನಿಂದ ಬೇರೊಬ್ಬನೆಂದು ಎಣಿಸಿದ ತಪ್ಪುಗಳನ್ನು ತಿದ್ದಿದ ವಿದ್ವಾಂಸರಿಗೆ ಈ ತೊಡಕು ಅಪರಿಚಿತವಲ್ಲ.

ಸಾಹಿತ್ಯದ ದೃಷ್ಟಿಯಿಂದ ಪಿ. ಕಾಳಿಂಗರಾಯರ (೧೯೧೪–೧೯೮೧) ತಟ್ಟೆಗಳು ವಿಶೇಷವಾಗಿ ಗಮನಾರ್ಹ. ನವೋದಯದ ಕವಿತೆಗಳು ಪುಸ್ತಕದಿಂದ ಮನೆಮಾತಾದುದರಲ್ಲಿ ಅವರ ಗಾಯನದ ಪಾಲು ದೊಡ್ಡದು. ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಗ್ರಾಮ್ಯದ ಉಚ್ಚಾರಣೆಯನ್ನು ಲಿಪಿಯಲ್ಲಿ ಹಿಡಿಯಹೊರಟ ಕೃತಿ. ಅಂಥ ಪದಗಳನ್ನು ಸಮಕಾಲೀನನಾದ ಗಾಯಕನೊಬ್ಬನು ಹೇಗೆ ನುಡಿದನೆಂಬುದು ಪಾಠಕ್ಕೆ ಒಂದು ಜೀವಂತ ವ್ಯಾಖ್ಯಾನವೇ ಸರಿ.

೪

ಬರಹಕ್ಕೆ ಒಗ್ಗದ ಕಲೆಯನ್ನು ತಟ್ಟೆಯೊಂದರ ಆಧಾರದಿಂದಲೇ ಅಭ್ಯಾಸಮಾಡಿದ ಉದಾಹರಣೆ ಬೇರೆಡೆಯಲ್ಲಿ ಉಂಟೆ ಎಂದರೆ, ಅಮೆರಿಕದ ಜಾಜ್ ಸಂಗೀತದ ಇತಿಹಾಸವನ್ನು ನೋಡಬೇಕು. ಅದಕ್ಕೆ ಮುಂಚಿನ ರ‍್ಯಾಗ್‌ಟೈಮ್ ಎಂಬುದು ಬಹುಮಟ್ಟಿಗೆ ಬರೆದು ಅಚ್ಚುಮಾಡಿದ ಸಂಗೀತ. ಸ್ಕಾಟ್ ಜಾಪ್ಲಿನ್ನನ ಕೃತಿಗಳು ಸ್ವರಲಿಪಿಯಲ್ಲಿ ಉಳಿದವು. ಜಾಜ್ ಹಾಗಲ್ಲ, ವಾದಕನು ಆ ಕ್ಷಣದಲ್ಲಿ ಕಲ್ಪಿಸಿ ನುಡಿಸುವುದೇ ಅದರ ಜೀವಾಳ. ಅದರ ಮೂಲಪುರುಷರಲ್ಲಿ ಒಬ್ಬನೆನಿಸಿದ ನ್ಯೂ ಆರ್ಲಿಯನ್ಸಿನ ಬಡ್ಡಿ ಬೋಲ್ಡನ್ನನ ಒಂದು ಮುದ್ರಣವೂ ಉಳಿದಿಲ್ಲವಾಗಿ, ಅವನ ವಾದನವು ಕೇಳಿದವರ ಬಾಯಿಮಾತಿನಲ್ಲಿ ಮಾತ್ರ ಇದೆ. ೧೯೧೭ರ ಫೆಬ್ರವರಿಯಲ್ಲಿ ಒರಿಜಿನಲ್ ಡಿಕ್ಸೀಲ್ಯಾಂಡ್ ಜಾಸ್ ಬ್ಯಾಂಡ್ ಎಂಬ ಮೇಳವು ವಿಕ್ಟರ್ ಕಂಪನಿಗೆ ನುಡಿಸಿದ ತಟ್ಟೆಯಿಂದ ಮೊದಲುಗೊಂಡು ಆ ಸಂಗೀತದ ಚರಿತ್ರೆಯು ಪ್ರಮಾಣಬದ್ಧವಾಯಿತು.

ಆ ಚರಿತ್ರೆಯನ್ನು ಕಟ್ಟಿದವರು ಮೊದಲಿಗೆ ವಿಶ್ವವಿದ್ಯಾಲಯದವರಲ್ಲ, ಹಳೆಯ ತಟ್ಟೆಗಳನ್ನು ಹುಡುಕಿ ತಂದ ಹವ್ಯಾಸಿಗಳು. ೧೯೩೬ರಲ್ಲಿ ಪ್ಯಾರಿಸಿನ ಶಾರ್ಲ್ ದಲೋನೆ ಎಂಬಾತನು ತಟ್ಟೆಗಳ ಸೂಚಿಯೊಂದನ್ನು ಪ್ರಕಟಿಸಿ, ಯಾವ ತಟ್ಟೆಯಲ್ಲಿ ಯಾರು ಯಾವ ವಾದ್ಯವನ್ನು ನುಡಿಸಿದರೆಂಬುದನ್ನು ನಿರ್ಧರಿಸಲು ತೊಡಗಿದನು. ಡ್ಯೂಕ್ ಎಲಿಂಗ್ಟನ್ನನ ಮೇಳವೇ ಬೇರೆಬೇರೆ ಕಂಪನಿಗಳ ಚೀಟಿಗಳಲ್ಲಿ ಬೇರೆಬೇರೆ ಹೆಸರು ತಳೆದುದು ಇಂಥ ಸೂಚಿಗಳಿಂದ ತಿಳಿದುಬಂದಿತು. ವಿಸ್ಕಾನ್ಸಿನ್ ಸೀಮೆಯ ಪ್ಯಾರಾಮೌಂಟ್ ಕಂಪನಿಯ ಲೋಹದ ಅಚ್ಚುಗಳು ನಷ್ಟವಾದಾಗ, ಅದು ಮುದ್ರಿಸಿದ ಅನೇಕ ಗಾಯಕರ ಹಾಡುಗಳು ಉಳಿದುದು ಮನೆಗಳಲ್ಲಿ ದೊರೆತ, ಸವೆದ ತಟ್ಟೆಗಳಿಂದಲೇ. ಯುದ್ಧಕಾಲವು ಇನ್ನಷ್ಟನ್ನು ನುಂಗಿತು. ೧೯೪೨ರಲ್ಲಿ ಅರಗಿನ ಅಭಾವದಿಂದ ಅಮೆರಿಕ ಸರಕಾರವು ತಟ್ಟೆಗಳಿಗೆ ಬಳಸುವ ಅರಗನ್ನು ಶೇಕಡ ೭೦ರಷ್ಟು ಕಡಿತಗೊಳಿಸಿತು. ಹಳೆಯ ತಟ್ಟೆಗಳನ್ನು ಕೂಡಿಹಾಕಿ ಅರೆದು ಹೊಸ ತಟ್ಟೆಗಳನ್ನು ಮಾಡಿದರು.

ಕನ್ನಡದ ರಂಗಗೀತೆಗೂ ಜಾಜ್‌ಗೂ ರೂಪದಲ್ಲಿ ಯಾವ ಸಂಬಂಧವೂ ಇಲ್ಲ. ಆದರೆ ಸಾಕ್ಷ್ಯದ ಸ್ಥಿತಿ ಎರಡಕ್ಕೂ ಒಂದೇ. ನಾಟಕದ ಅಚ್ಚಿನ ಪುಸ್ತಕದಲ್ಲಿ ಕಂದಪದ್ಯವು ನಾಲ್ಕು ಸಾಲು. ನಟನು ಅದನ್ನು ಎಲ್ಲಿ ಒಡೆದನು, ಯಾವ ಪದವನ್ನು ಮರಳಿ ಮರಳಿ ಎತ್ತಿದನು, ಯತಿಯನ್ನು ಮೀರಿ ಅರ್ಥಕ್ಕೆ ನಿಂತನೋ ತಾಳಕ್ಕೆ ನಿಂತನೋ ಎಂಬುದು ಪುಸ್ತಕದಲ್ಲಿಲ್ಲ.

೫

ತಟ್ಟೆಯನ್ನು ಓದುವ ಕ್ರಮವು ಶಾಸನವನ್ನು ಓದುವ ಕ್ರಮವನ್ನು ಹೋಲುತ್ತದೆ. ಮೊದಲು ನೋಡತಕ್ಕದ್ದು ನಡುವಣ ಚೀಟಿ. ಗ್ರಾಮಾಫೋನ್ ಅಂಡ್ ಟೈಪ್‌ರೈಟರ್ ಎಂಬ ಕಂಪನಿಯ ಹೆಸರಿದ್ದರೆ ಅದು ೧೯೦೭ರೊಳಗಣ ಚೀಟಿ. ಕಹಳೆಗೆ ಕಿವಿಗೊಟ್ಟ ನಾಯಿಯ ಚಿತ್ರವಿದ್ದರೆ ಅದಕ್ಕೆ ಈಚಿನದು. ಮುಂದೆ, ಚೀಟಿಗೂ ಗೆರೆಗಳಿಗೂ ನಡುವೆ ಒತ್ತಿರುವ ಅಚ್ಚಿನ ಸಂಖ್ಯೆ. ಮಾರಾಟದ ಸಂಖ್ಯೆ ಬದಲಾಗಬಹುದು, ಚೀಟಿ ಮರುಮುದ್ರಣವಾಗಬಹುದು. ಅಚ್ಚಿನ ಸಂಖ್ಯೆಯು ಹಾಡಿದ ಸಂದರ್ಭಕ್ಕೆ ಅಂಟಿದುದು. ಒಂದೇ ಹಾಡನ್ನು ಎರಡು ಸಲ ಮುದ್ರಿಸಿದ್ದರೆ ಅದರಿಂದಲೇ ತಿಳಿಯಬೇಕು. ಚೀಟಿಯೊಂದನ್ನೇ ನಂಬಿ ಕಾಲವನ್ನು ಹೇಳುವುದು ಶಾಸನದ ಲಿಪಿಯನ್ನು ನೋಡದೆ ಹೇಳಿಕೆಯನ್ನೇ ನಂಬಿದಂತೆ.

ಮೂರನೆಯದು ವೇಗ. ನಿಮಿಷಕ್ಕೆ ೭೮ ಸುತ್ತು ಎಂಬುದು ಕಾಲಕ್ರಮದಲ್ಲಿ ನೆಲೆಗೊಂಡ ಅಳತೆ. ಹಳೆಯ ತಟ್ಟೆಗಳು ಅದಕ್ಕಿಂತ ಕಡಮೆಯ ಇಲ್ಲವೆ ಹೆಚ್ಚಿನ ವೇಗದವು ಇವೆ. ೭೦ ಸುತ್ತಿನಲ್ಲಿ ಮುದ್ರಿಸಿದುದನ್ನು ೭೮ರಲ್ಲಿ ತಿರುಗಿಸಿದರೆ ಶ್ರುತಿಯು ಹೆಚ್ಚುಕಡಮೆ ಷಡ್ಜದಿಂದ ಚತುಃಶ್ರುತಿ ರಿಷಭದಷ್ಟು ಏರುತ್ತದೆ, ಮೂರು ನಿಮಿಷದ ಹಾಡು ಸುಮಾರು ೧೮ ಸೆಕೆಂಡು ಮೊದಲೇ ಮುಗಿಯುತ್ತದೆ. ಹಳೆಯ ಗಾಯಕರು ಅತಿ ಎತ್ತರದ ಶ್ರುತಿಯಲ್ಲಿ, ಅತಿ ದ್ರುತಗತಿಯಲ್ಲಿ ಹಾಡುತ್ತಿದ್ದರೆಂಬ ಮಾತನ್ನು ಒಪ್ಪುವ ಮುಂಚೆ ಯಂತ್ರದ ವೇಗವನ್ನು ಪರೀಕ್ಷಿಸಬೇಕು.

ಭಾಷಾಶಾಸ್ತ್ರಕ್ಕೆ ಸಂಬಂಧಿಸಿದ ಎಚ್ಚರಿಕೆಯೊಂದು ಉಂಟು. ಕಹಳೆಯ ಕಾಲದ ಮುದ್ರಣದಲ್ಲಿ ಧ್ವನಿಯ ಮೇಲಣ ಸ್ಪಂದನಗಳು ಬಹುಪಾಲು ನಷ್ಟವಾಗಿವೆ. ಸ, ಶ, ಷಗಳ ಭೇದವು ಆ ಸ್ಪಂದನಗಳನ್ನೇ ಆಶ್ರಯಿಸಿದುದರಿಂದ, ೧೯೨೫ಕ್ಕೆ ಹಿಂದಿನ ತಟ್ಟೆಯನ್ನು ಕೇಳಿ ಗಾಯಕನು ಶಕಾರವನ್ನು ಸಕಾರವಾಗಿ ನುಡಿದನೆಂದು ಸಾಧಿಸಲಾಗದು. ಹ್ರಸ್ವದೀರ್ಘಗಳು, ಒತ್ತಕ್ಷರಗಳು, ಪದವಿಭಾಗ ಇವುಗಳ ವಿಷಯದಲ್ಲಿ ತಟ್ಟೆಯ ಸಾಕ್ಷ್ಯವು ಬಲವಾದುದು.

ತಟ್ಟೆಯ ಪಡಿಯಚ್ಚೆಂದರೆ ಇಂದಿನ ಅಂಕೀಯ ಪ್ರತಿ. ತಟ್ಟೆಯನ್ನು ಮೊದಲು ಶುದ್ಧವಾದ ಬಟ್ಟಿಯಿಳಿಸಿದ ನೀರಿನಿಂದಲೂ ಮೃದುವಾದ ಕುಂಚದಿಂದಲೂ ತೊಳೆಯಬೇಕು, ಮದ್ಯಸಾರವನ್ನು ಮುಟ್ಟಿಸಲೇಬಾರದು. ಹಳೆಯ ಉಕ್ಕಿನ ಮುಳ್ಳನ್ನಾಗಲಿ, ಮುಂದಿನ ಕಾಲದ ದೀರ್ಘವಾದನದ ತಟ್ಟೆಗಳ ಮುಳ್ಳನ್ನಾಗಲಿ ಬಳಸಲಾಗದು. ಅರಗಿನ ತಟ್ಟೆಯ ಗೆರೆ ಅಗಲವಾದುದರಿಂದ ಅಂಗುಲದ ಸಾವಿರದಲ್ಲಿ ಸುಮಾರು ಮೂರು ಭಾಗ ಅಗಲದ ಮುಳ್ಳು ಬೇಕು. ಗೆರೆಯ ಸವೆತವನ್ನು ನೋಡಿ ಇದನ್ನು ಹೆಚ್ಚುಕಡಮೆ ಮಾಡಬೇಕು. ಮೊದಲ ಪ್ರತಿಯಲ್ಲಿ ಚರಚರ ಸದ್ದನ್ನು ತೆಗೆಯಬಾರದು. ಸದ್ದನ್ನು ತೆಗೆದ ಪ್ರತಿಯು ಕೇಳುವವರ ಸುಖಕ್ಕೆ. ಹಾಗೆಯೇ ಬಿಟ್ಟುದು ಪರಿಶೋಧಕರ ಉಪಯೋಗಕ್ಕೆ. ಓಲೆಯ ಪಾಠವನ್ನು ತಿದ್ದಿ, ಮೂಲಪಾಠವನ್ನು ಅಡಿಯಲ್ಲಿ ಕೊಡದ ಸಂಪಾದಕನ ತಪ್ಪು ಇಲ್ಲಿಯೂ ತಪ್ಪೇ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ ಇಡಬೇಕು.

೬

ಸಂಗ್ರಹಕ್ಕೂ ವಿನಿಯೋಗಕ್ಕೂ ಇರುವ ಅಂತರವು ಇಲ್ಲಿ ವಿಚಾರಾರ್ಹ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಮಾತ್ರದಿಂದ ಲೋಕಕ್ಕೆ ತಿಳಿಯಲಿಲ್ಲ, ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದ ಮೇಲೆ ತಿಳಿಯಿತು. ಬೆಂಗಳೂರು ನಾಗರತ್ನಮ್ಮನವರು ಸಂಗೀತಗಾರ್ತಿಯಾಗಿದ್ದರೂ ಈ ತತ್ತ್ವವನ್ನು ಚೆನ್ನಾಗಿ ಅರಿತಿದ್ದರು. ಮುದ್ದುಪಳನಿಯ ತೆಲುಗು ಕಾವ್ಯವಾದ ‘ರಾಧಿಕಾ ಸಾಂತ್ವನಮು’ವಿನ ಹಿಂದಿನ ಮುದ್ರಣವು ಕೆಲವು ಭಾಗಗಳನ್ನು ಬಿಟ್ಟಿದ್ದುದನ್ನು ಕಂಡು, ಹಸ್ತಪ್ರತಿಯನ್ನು ಅರಸಿ, ೧೯೧೦ರಲ್ಲಿ ಪೂರ್ಣಪಾಠವನ್ನು ಹೊರತಂದರು. ಅಪೂರ್ವ ತಟ್ಟೆಯನ್ನು ಬೀರುವಿನಲ್ಲಿಟ್ಟು, ತನ್ನಲ್ಲಿ ಮಾತ್ರ ಇದೆಯೆಂದು ಹಿಗ್ಗುವ ಸಂಗ್ರಾಹಕನು ತಟ್ಟೆಯನ್ನು ಮುರಿಯದೆ ಇದ್ದಾನೆಯೇ ಹೊರತು ಹಾಡನ್ನು ಉಳಿಸಿದ್ದಾನೆಂದು ಹೇಳಲಾಗದು.

ಈ ವಿಷಯದಲ್ಲಿ ಸಂತೋಷಪಡತಕ್ಕ ಪ್ರಯತ್ನಗಳು ನಡೆದಿವೆ. ಮುಂಬಯಿಯಲ್ಲಿ ೧೯೯೦ರಲ್ಲಿ ಹುಟ್ಟಿದ ಭಾರತೀಯ ರಿಕಾರ್ಡು ಸಂಗ್ರಾಹಕರ ಸಂಘವು ಪತ್ರಿಕೆಯೊಂದರ ಮೂಲಕ ಸೂಚಿಗಳನ್ನೂ ಲೇಖನಗಳನ್ನೂ ಪ್ರಕಟಿಸಿತು. ಮೈಕೇಲ್ ಕಿನ್ನಿಯರ್ ಎಂಬ ವಿದ್ವಾಂಸನು ಗ್ರಾಮಾಫೋನ್ ಕಂಪನಿಯ ಮೊದಲ ಭಾರತೀಯ ಮುದ್ರಣಗಳ ಪಟ್ಟಿಯನ್ನು ೧೯೯೪ರಲ್ಲಿ ಹೊರತಂದನು. ಗೌಹರ್ ಜಾನಳ ಚರಿತ್ರೆಯನ್ನು ಬರೆದ ವಿಕ್ರಮ್ ಸಂಪತ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ಸಂಗೀತ ಭಂಡಾರವು ಹಳೆಯ ತಟ್ಟೆಗಳ ಪ್ರತಿಗಳನ್ನು ಅಂತರ್ಜಾಲದಲ್ಲಿ ಕೇಳುವಂತೆ ಮಾಡಿತು.

ಹಂಚುವವರು ಕಾನೂನನ್ನೂ ತಿಳಿದಿರಬೇಕು. ೧೯೫೭ರ ಭಾರತೀಯ ಕೃತಿಸ್ವಾಮ್ಯ ಶಾಸನದಂತೆ ಧ್ವನಿಮುದ್ರಣದ ಸ್ವಾಮ್ಯವು ಪ್ರಕಟವಾದ ಮುಂದಿನ ವರ್ಷದಿಂದ ೬೦ ವರ್ಷದವರೆಗೆ. ಹೀಗಾಗಿ ಅರಗಿನ ತಟ್ಟೆಗಳಲ್ಲಿ ಬಹುಪಾಲು ಇಂದು ಸಾರ್ವಜನಿಕ. ಆದರೆ ಅದರಲ್ಲಿ ಹಾಡಿದ ಕವಿತೆಗೆ ಬೇರೆ ಲೆಕ್ಕವಿದೆ: ಕವಿಯು ತೀರಿಕೊಂಡ ಮುಂದಿನ ವರ್ಷದಿಂದ ೬೦ ವರ್ಷ. ೧೯೮೧ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ ೨೦೪೧ರ ಕೊನೆಯವರೆಗೂ ಸ್ವಾಮ್ಯವಿರುತ್ತದೆ. ಹರಿದಾಸರ ಪದ, ಶರಣರ ವಚನ, ಹಳೆಯ ನಾಟಕದ ಹಾಡು ಇವುಗಳ ತಟ್ಟೆಗಳಿಗೆ ಈ ತಡೆಯಿಲ್ಲವಾಗಿ ಕೆಲಸವನ್ನು ಅವುಗಳಿಂದಲೇ ಮೊದಲುಮಾಡಬಹುದು.

ಇದರಲ್ಲಿ ಸಾಹಿತ್ಯದ ಅಧ್ಯಾಪಕರಿಗೆ ಒಂದು ವಿಶೇಷ ಭಾರವುಂಟು. ಹೆಬ್ಬಾಳ, ಯಲಹಂಕ, ಯಶವಂತಪುರಗಳಂಥ ಹಳೆಯ ಊರುಗಳು ನಗರದಲ್ಲಿ ಲೀನವಾಗಿ, ಹಳೆಯ ಮನೆಗಳಿದ್ದಲ್ಲಿ ಬಹುಮಹಡಿಗಳು ಏಳುತ್ತಿವೆ. ಮನೆ ಕೆಡವುವಾಗ ಅಟ್ಟದ ಸಾಮಾನು ಗುಜರಿಗೆ ಹೋಗುತ್ತದೆ. ವಿದ್ಯಾರ್ಥಿಗಳ ಮನೆಗಳಲ್ಲಿ ಇರುವ ತಟ್ಟೆಗಳ ಚೀಟಿ, ಮಾರಾಟದ ಸಂಖ್ಯೆ, ಅಚ್ಚಿನ ಸಂಖ್ಯೆ, ಹಾಡಿನ ಮೊದಲ ಮಾತು ಇವುಗಳನ್ನು ಬರೆದು ತ್ರೈಮಾಸಿಕಗಳಲ್ಲಿ ಪ್ರಕಟಿಸುವುದಕ್ಕೆ ಯಂತ್ರವೂ ಹಣವೂ ಬೇಕಾಗಿಲ್ಲ. ತಟ್ಟೆಯು ಮನೆಯವರಲ್ಲಿಯೇ ಇರಲಿ. ಅದು ಎಲ್ಲಿದೆಯೆಂಬುದು ತಿಳಿದರೆ ಪ್ರತಿ ತೆಗೆಯುವವರು ಬಂದಾರು. ಇಂಥ ಪಟ್ಟಿಗೆ ಕಾಲವು ಕಿರಿದಾಗಿದೆ. ಚೀಟಿ ಹರಿದ ತಟ್ಟೆಯನ್ನು ಕೇಳಿ, ಇದು ಇಂಥವರ ಕಂಠವೆಂದು ಹೇಳಬಲ್ಲ ಹಿರಿಯರು ದಿನದಿನಕ್ಕೆ ಕಡಮೆಯಾಗುತ್ತಿದ್ದಾರೆ. ಗೆರೆಗಳು ಚೆನ್ನಾಗಿದ್ದೂ ಹೆಸರು ತಿಳಿಯದೆ ಹೋದ ಹಾಡಿಗೆ ಮುಂದೆ ಯಾವ ಯಂತ್ರವೂ ಹೆಸರನ್ನು ಹುಡುಕಿ ಕೊಡಲಾರದು. ಆ ಹಿರಿಯರನ್ನು ಕೇಳಿ ಬರೆದಿಡುವುದೇ ಈ ಕಾರ್ಯದಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದುದು.